ಮಾತೇ ಹೊರಡದಿದ್ದ ಹುಡುಗನ ಕಂಠ



‘ಸ್ಟಾರ್ ವಾರ್ಸ್’ನ ಕಪ್ಪು ಮುಖವಾಡದ ಡಾರ್ತ್ ವೇಡರ್‌ನ ದನಿಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ‘ದಿ ಲಯನ್ ಕಿಂಗ್’ನ ಸಿಂಹರಾಜ ಮುಫಾಸಾನ ದನಿಯನ್ನೂ ಕೇಳಿರಬಹುದು. ಎರಡೂ ಒಬ್ಬರದೇ ಕಂಠ. ಅವರು ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್. ಬಾಲ್ಯದಲ್ಲಿ ಸುಮಾರು ಎಂಟು ವರ್ಷ ಅವರು ಹೆಚ್ಚುಕಡಿಮೆ ಮೂಕರಂತಿದ್ದರು ಎಂದರೆ ನಂಬುತ್ತೀರಾ?

ಹುಟ್ಟಿದ್ದು 1931ರಲ್ಲಿ, ಮಿಸಿಸಿಪಿಯಲ್ಲಿ. ಅಜ್ಜ ಅಜ್ಜಿಯರ ಜೊತೆ ಮಿಷಿಗನ್‌ಗೆ ಬಂದ ಹುಡುಗನಿಗೆ ತೀವ್ರ ಉಗ್ಗು. ನಗುವವರ ಎದುರು ಬಾಯಿ ತೆರೆಯುವುದಕ್ಕಿಂತ ಸುಮ್ಮನಿರುವುದೇ ಲೇಸೆಂದುಕೊಂಡ. ಆದರೆ ಗುಟ್ಟಾಗಿ ಪದ್ಯ ಬರೆಯುತ್ತಿದ್ದ. ಪ್ರೌಢಶಾಲೆಯ ಉಪಾಧ್ಯಾಯರಾದ ಡೊನಾಲ್ಡ್ ಕ್ರೌಚ್ ಅದನ್ನು ಕಂಡರು. ‘ನೀನೇ ಬರೆದದ್ದಾದರೆ ತರಗತಿಯ ಮುಂದೆ ನಿಂತು ಬಾಯಿಪಾಠ ಹೇಳು’ ಎಂಬರ್ಥದ ಸವಾಲು ಹಾಕಿದರು. ಹುಡುಗ ಹೇಳಿದ. ಉಗ್ಗಲಿಲ್ಲ! ಲಯವಿರುವ ಮಾತಿನಲ್ಲಿ, ಹಾಡಿನಲ್ಲಿ ಎಷ್ಟೋ ಜನರ ಉಗ್ಗು ಸಡಿಲಗೊಳ್ಳುತ್ತದೆ. ಅದು ಪವಾಡವಲ್ಲ, ಗಮನಿಸಿ ದಾಖಲಿಸಿರುವ ಸಂಗತಿ.

ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಡಾಕ್ಟರಾಗಲೆಂದು. ಮನಸ್ಸು ನಾಟಕದ ಕಡೆ ಹೊರಳಿತು. (ಬಿ.ಎಸ್ಸಿ. ಮುಗಿಸಿ ಕ್ಯಾಮೆರಾದ ಹಿಂದೆ ಬಂದು ನಿಂತ ನನಗೆ ಈ ಹೊರಳುವಿಕೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ತಂದೆಯವರಿಗೆ ಮಾತ್ರ ಬಹಳ ಕಾಲ ಅರ್ಥವಾಗಲಿಲ್ಲ.) ಅಲ್ಲಿಯೇ ಅವರು, ನಮ್ಮ ಎನ್.ಸಿ.ಸಿ.ಯನ್ನು ಹೋಲುವ ಅಧಿಕಾರಿ ತರಬೇತಿ ದಳದಲ್ಲೂ ಇದ್ದರು. 1953ರಲ್ಲಿ, ಕೊರಿಯಾ ಯುದ್ಧ ಮುಗಿಯುವ ಹೊತ್ತಿಗೆ, ಸೇನಾಧಿಕಾರಿಯಾದರು. ಕಠಿಣವಾದ ರೇಂಜರ್ ತರಬೇತಿ ಪಡೆದರು. ಕೊಲರಾಡೋದ ಹಿಮಪರ್ವತಗಳ ನಡುವಿನ ಕ್ಯಾಂಪ್ ಹೇಲ್‌ನಲ್ಲಿ ಸೇವೆ ಸಲ್ಲಿಸಿದರು. ಸೈನ್ಯದ ಶಿಸ್ತು ಅವರಿಗೆ ಒಗ್ಗಿತ್ತು. ಅಲ್ಲೇ ಉಳಿಯುವ ಯೋಚನೆಯೂ ಇತ್ತು.

ಉಳಿಯಲಿಲ್ಲ. ಮಾಜಿ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಭರಿಸುವ ಕಾನೂನು ಅಮೆರಿಕದಲ್ಲಿತ್ತು. ಆ ನೆರವಿನಿಂದ ನ್ಯೂಯಾರ್ಕಿನ ಅಮೆರಿಕನ್ ಥಿಯೇಟರ್ ವಿಂಗ್‌ನಲ್ಲಿ ಅಭಿನಯ ಕಲಿತರು. ಹೊಟ್ಟೆಪಾಡಿಗೆ ನೆಲ ಒರೆಸಿ ಹೊಳಪು ಕೊಡುವ ಕೆಲಸ. 1964ರಲ್ಲಿ ಮೊದಲ ಚಲನಚಿತ್ರ ‘ಡಾಕ್ಟರ್ ಸ್ಟ್ರೇಂಜ್‌ಲವ್’. ಪಾತ್ರ, ಬಾಂಬರ್ ವಿಮಾನದ ಒಬ್ಬ ಲೆಫ್ಟಿನೆಂಟ್! 1968ರಲ್ಲಿ ‘ದಿ ಗ್ರೇಟ್ ವೈಟ್ ಹೋಪ್’ ನಾಟಕದ ಮುಷ್ಟಿಮಲ್ಲನ ಪಾತ್ರ ಬ್ರಾಡ್‌ವೇಯಲ್ಲಿ ಹೆಸರು ತಂದಿತು. ಮರುವರ್ಷ ಟೋನಿ ಪ್ರಶಸ್ತಿ.

1977ರ ವೇಡರ್ ಪಾತ್ರವನ್ನು ಬಿಡಿಸಿ ನೋಡಿ. ವೇಷದೊಳಗಿನ ದೇಹ ಡೇವಿಡ್ ಪ್ರೌಸ್ ಅವರದು. ಆ ಭಯಂಕರ ಉಸಿರಾಟ, ಮುಳುಗುಗಾರರ ಉಸಿರಾಟದ ಸಾಧನದೊಳಗೆ ಮೈಕ್ ಇಟ್ಟು ಬೆನ್ ಬರ್ಟ್ ಮುದ್ರಿಸಿದ್ದು. ಮಾತು ಜೋನ್ಸ್ ಅವರದು, ಕೆಲವೇ ಗಂಟೆಗಳ ಕೆಲಸ. ತಮ್ಮದು ಬರಿಯ ‘ಸ್ಪೆಷಲ್ ಎಫೆಕ್ಟ್’ ಎಂದು ಹೇಳಿ, ಹೆಸರು ಹಾಕುವುದೇ ಬೇಡವೆಂದರು.

ನಮ್ಮ ಡಬ್ಬಿಂಗ್ ಕೋಣೆಗೆ ಬರುವ ಯುವಕರು ಗಡಸು ದನಿಯೊಂದಿದ್ದರೆ ಸಾಕೆಂದುಕೊಂಡಿರುತ್ತಾರೆ. ಧ್ವನಿತಂತುಗಳ ಉದ್ದ, ದಪ್ಪ ಹುಟ್ಟಿನಿಂದ ಬಂದದ್ದು, ನಿಜ. ಎಲ್ಲಿ ನಿಲ್ಲಿಸಬೇಕು, ಯಾವ ಪದಕ್ಕೆ ಉಸಿರು ಉಳಿಸಿಕೊಳ್ಳಬೇಕು ಎಂಬುದು ಹುಟ್ಟಿನಿಂದ ಬರುವುದಿಲ್ಲ. ಜೋನ್ಸ್ ಅವರ ಉಗ್ಗು ಪೂರ್ತಿ ಹೋಗಲೇ ಇಲ್ಲ. ತೊಡಕಾಗುವ ಪದವನ್ನು ಮೊದಲೇ ಗುರುತಿಸಿ, ಬದಲಿ ಪದ ಹುಡುಕಿ ಮಾತನಾಡುತ್ತಿದ್ದರು. ಅವರ ನಿಧಾನದಲ್ಲಿ ನಮಗೆ ಗಾಂಭೀರ್ಯ ಕೇಳಿಸಿತು.

2022ರ ‘ಓಬಿ-ವಾನ್ ಕೆನೋಬಿ’ ಸರಣಿಗೆ, ಅವರ ಒಪ್ಪಿಗೆ ಪಡೆದು, ಹಳೆಯ ಮುದ್ರಣಗಳಿಂದ ಕಂಪ್ಯೂಟರ್ ಮೂಲಕ ವೇಡರ್‌ನ ಕಂಠವನ್ನು ಮರುಸೃಷ್ಟಿಸಲಾಯಿತು. 2024ರ ಸೆಪ್ಟೆಂಬರ್ 9ರಂದು, 93ನೆಯ ವಯಸ್ಸಿನಲ್ಲಿ, ಜೋನ್ಸ್ ತೀರಿಕೊಂಡರು.