ಆಟದ ಬಯಲೂ ವಾಚನಮಂದಿರವೂ: ಅನುದಾನ ಪಡೆಯುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಅಮರಾವತಿಯ ತೀರದ ಈ ಧಾರಾಪುರಕ್ಕೆ ಕನ್ನಡದ ನುಡಿ ಹೊಸದಲ್ಲ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದಿತು. ಆದರೆ ಹಳೆಯ ಹಿರಿಮೆಯನ್ನು ವರ್ಷಕ್ಕೊಮ್ಮೆ ಹೇಳಿಕೊಂಡ ಮಾತ್ರಕ್ಕೆ ಮಕ್ಕಳಿಗೆ ಆಡಲು ಬಯಲು ದೊರೆಯದು. ನಮ್ಮ ಮನೆಗಳು ಊರಿನ ಬೀದಿಬೀದಿಗಳಲ್ಲಿ ಚದುರಿಹೋಗಿವೆ. ಸಂಜೆಯ ಹೊತ್ತು ಹತ್ತು ಮನೆಗಳ ಮಕ್ಕಳು ಒಂದೆಡೆ ಕಲೆತು ಆಡುವಂತಿಲ್ಲದಿದ್ದರೆ, ಮನೆಯ ಕನ್ನಡವು ಹೊಸ್ತಿಲನ್ನು ದಾಟುವುದಾದರೂ ಹೇಗೆ? ಒಂದು ಆಟದ ಬಯಲು, ಅದರ ಮಗ್ಗುಲಲ್ಲಿ ಒಂದು ವಾಚನಮಂದಿರ, ಇವೆರಡಕ್ಕೆ ಸರಕಾರದ ಹಣವನ್ನು ಪಡೆಯುವ ದಾರಿಯನ್ನು ತಮ್ಮ ಮುಂದೆ ಇಡುವೆವು.

ಅನುದಾನವೆಂದೊಡನೆ ನಮ್ಮವರ ಕಣ್ಣು ಬೆಂಗಳೂರಿನ ಕಡೆಗೆ ಹೊರಳುವುದು ಸಹಜ. 2010ರ ಕಾಯಿದೆಯಂತೆ ಏರ್ಪಟ್ಟ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಅದಕ್ಕೂ ಅರ್ಜಿ ಹೋಗಲಿ. ಆದರೆ ತಾಳವಾಡಿಯಂತಹ ಅಂಚಿನ ಊರುಗಳು ಮೊದಲು ಅದರ ಕಣ್ಣಿಗೆ ಬೀಳುವುದು ನ್ಯಾಯವೇ ಆಗಿದೆ. ಗಡಿನಾಡೆಂಬ ಹೆಸರನ್ನು ಹೊತ್ತರೂ ನಾವು ಗಡಿಗೆರೆಯಿಂದ ಬಹುದೂರದವರು. ನಾವು ತೆರಿಗೆ ಕೊಡುವುದು ಈ ನಗರಸಭೆಗೆ, ಮತ ಹಾಕುವುದು ಈ ಊರಿನಲ್ಲಿ. ಆದುದರಿಂದ ಮೊದಲು ತಟ್ಟಬೇಕಾದ ಬಾಗಿಲೂ ಇಲ್ಲಿಯದೇ.

ತಮಿಳುನಾಡು ಸರಕಾರದ 'ನಮಕ್ಕು ನಾಮೇ ತಿಟ್ಟಂ' ಎಂಬ ಯೋಜನೆಯನ್ನು ತಾವು ಕೇಳಿರಬಹುದು. ನಮಗೆ ನಾವೇ ಎಂಬ ಅದರ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1997–98ರಲ್ಲಿ ಮೊದಲಾದ ಇದು, ನಡುವೆ ಬೇರೆ ಹೆಸರನ್ನು ತಳೆದು, 2021ರಲ್ಲಿ ಹಳೆಯ ಹೆಸರಿಗೇ ಮರಳಿತು. ಇದರ ತಿರುಳಿಷ್ಟು: ಸಾರ್ವಜನಿಕ ಕೆಲಸವೊಂದರ ವೆಚ್ಚದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲನ್ನು ಜನರು ಕೂಡಿಸಿಕೊಟ್ಟರೆ, ಉಳಿದುದನ್ನು ಸರಕಾರವು ಭರಿಸುವುದು. ಬಯಲಿಗೂ ಕಟ್ಟಡಕ್ಕೂ ಕೂಡಿ 9 ಲಕ್ಷ ರೂಪಾಯಿ ಅಂದಾಜಾದರೆ ನಮ್ಮ ಹೊರೆ 3 ಲಕ್ಷ. ಜನರ ಪಾಲು ಅರ್ಧವನ್ನು ಮೀರಿದರೆ ಕೆಲಸವನ್ನು ತಾವೇ ಮಾಡಿಸುವುದಕ್ಕೂ ಅವಕಾಶವುಂಟು. ಅಷ್ಟು ದೂರದ ಆಸೆ ನಮಗೆ ಈಗ ಬೇಡ.

ಇಲ್ಲಿ ಒಂದು ಆಕ್ಷೇಪ ಏಳುವುದನ್ನು ನಾವು ಬಲ್ಲೆವು. ಇದರಿಂದ ಆಗುವ ಬಯಲು ಸಂಘದ ಸ್ವತ್ತಲ್ಲ, ಊರಿನ ಸ್ವತ್ತು. ನಮ್ಮ ಹಣವನ್ನು ಊರೆಲ್ಲರ ಬಯಲಿಗೆ ಏಕೆ ಸುರಿಯಬೇಕು ಎಂದು ಹಿರಿಯರು ಕೆಲವರು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ನಿಯಮವು ನಮಗೆ ಹಿತವೇ ಆಗಿದೆ. ನೆರೆಮನೆಯ ತಮಿಳು ಹುಡುಗನೂ ನಮ್ಮ ಹುಡುಗನೂ ಒಂದೇ ಬಯಲಿನಲ್ಲಿ ಕಬಡ್ಡಿ ಆಡಿದರೆ ಆ ಬಯಲನ್ನು ಕಾಯುವವರು ಇಮ್ಮಡಿಯಾಗುತ್ತಾರೆ. ಬೀಗ ಹಾಕಿದ ಸ್ವಂತ ಭವನಕ್ಕೆ ಧೂಳು ಮುತ್ತುವುದನ್ನು ಯಾರು ಕಂಡಿಲ್ಲ!

ಭೂಮಿ ಎಲ್ಲಿಯದು? 10,000 ಚದರ ಮೀಟರಿಗೆ ಮೀರಿದ ಹೊಸ ಬಡಾವಣೆಯಲ್ಲಿ ನೂರಕ್ಕೆ ಹತ್ತು ಪಾಲು ನೆಲವನ್ನು ತೆರವಾಗಿ ಬಿಟ್ಟು, ಸ್ಥಳೀಯ ಸಂಸ್ಥೆಗೆ ದಾನಪತ್ರ ಬರೆದುಕೊಡಬೇಕೆಂದು ಕಟ್ಟಳೆಯಿದೆ. ಅಂತಹ ನೆಲ ನಮ್ಮ ಬೀದಿಗಳ ಹತ್ತಿರ ಎಲ್ಲಿದೆ, ಅದರ ದಾನಪತ್ರ ಆಗಿದೆಯೇ ಎಂಬುದನ್ನು ನಗರಸಭೆಯ ಕಡತದಲ್ಲಿ ನೋಡಿಕೊಳ್ಳುವುದೇ ಮೊದಲ ಕೆಲಸ. ಹಣ ಕೂಡಿಸುವುದು ಆಮೇಲೆ.

ಇನ್ನು ಲೋಕಸಭಾ ಸದಸ್ಯರ ನಿಧಿ. ವರ್ಷಕ್ಕೆ 5 ಕೋಟಿ ರೂಪಾಯಿಗಳ ಈ ನಿಧಿಯಲ್ಲಿ ಸದಸ್ಯರದು ಶಿಫಾರಸು ಮಾತ್ರ. ಮಂಜೂರು ಮಾಡತಕ್ಕವರು ಜಿಲ್ಲೆಯ ಅಧಿಕಾರಿಗಳು. ಬಾಳಿಕೆಯ ಸಾರ್ವಜನಿಕ ಆಸ್ತಿಗಲ್ಲದೆ, ಪೂಜಾಸ್ಥಾನಗಳಿಗೆ ಇದರ ಹಣ ಸಲ್ಲದು. 2009ರಿಂದ ನಮ್ಮ ಜಿಲ್ಲೆ ತಿರುಪ್ಪೂರು, ಲೋಕಸಭೆಯ ಕ್ಷೇತ್ರವಾದರೋ ಈರೋಡು! ಅರ್ಜಿಯನ್ನು ತಿರುಪ್ಪೂರಿನ ಸದಸ್ಯರಿಗೆ ಕಳುಹಿಸಿ ಕಾದು ಕೂಡಬಾರದೆಂದು ಇಷ್ಟನ್ನು ಹೇಳಿದೆವು.

ವಾಚನಮಂದಿರ ಏಳುವವರೆಗೆ ಕೈಕಟ್ಟಿ ಕೂಡಬೇಕಾಗಿಯೂ ಇಲ್ಲ. 1948ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ನಾವೆಲ್ಲರೂ ಮನೆತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಕಟ್ಟುತ್ತಿದ್ದೇವೆ. ಊರಿನ ಗ್ರಂಥಾಲಯದಲ್ಲಿ ಕನ್ನಡಕ್ಕೆ ಒಂದು ಕಪಾಟು ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ. ಓದುವವರ ಸಹಿಗಳು ಮಾತ್ರ ನಿಜವಾಗಿರಲಿ. ಪುಸ್ತಕ ಬಂದ ಮೇಲೆ ಅದನ್ನು ಎರವಲು ಪಡೆಯಲು ಯಾರೂ ಹೋಗದಿದ್ದರೆ ಮುಂದಿನ ಅರ್ಜಿಗೆ ಬೆಲೆ ಬಾರದು.

ಅರ್ಜಿಗಳೊಡನೆ ಸಂಘದ ನೋಂದಣಿಪತ್ರ, ತಪಾಸಣೆಯಾದ ಲೆಕ್ಕಪತ್ರ, ಸಭೆಯ ನಿರ್ಣಯದ ಪ್ರತಿ ಸಿದ್ಧವಿರಬೇಕು. ಲೆಕ್ಕದ ಪುಸ್ತಕವನ್ನು ಇಂದು ಬಾಗಿಲ ಬಳಿಯ ಮೇಜಿನ ಮೇಲೆ ತೆರೆದಿಟ್ಟಿದ್ದೇವೆ, ಯಾರಾದರೂ ನೋಡಬಹುದು. ಅದರ ಪಕ್ಕದಲ್ಲಿ ಎರಡು ಹಾಳೆಗಳಿವೆ. ಒಂದರಲ್ಲಿ ಗ್ರಂಥಾಲಯದ ಮನವಿಗೆ ಸಹಿ. ಇನ್ನೊಂದರಲ್ಲಿ, ತಮ್ಮ ಬೀದಿಯ ಹತ್ತಿರ ತೆರವಾಗಿರುವ ನೆಲ ಯಾವುದೆಂದು ಬರೆದರೆ ಸಾಕು.