ಪರಿಹಾರವೆಂಬ ಮಾತು

'ಪರಿಹಾರ' ಎಂಬ ಮಾತನ್ನು ನಾವು ಎರಡು ಬಗೆಯಾಗಿ ಬಳಸುತ್ತೇವೆ. ಸಂದೇಹ ಪರಿಹಾರ, ದೋಷ ಪರಿಹಾರ ಎನ್ನುವಾಗ ಇದ್ದ ತೊಡಕು ಇಲ್ಲವಾಯಿತೆಂದು ಅರ್ಥ. ಅಪಘಾತದ ಪರಿಹಾರ ಎನ್ನುವಲ್ಲಿ ಹಾಗಲ್ಲ. ಮುರಿದ ಕಾಲು ಮುರಿದಂತೆಯೇ ಉಳಿದಿರುತ್ತದೆ. ಅದರ ಪಕ್ಕದಲ್ಲಿ ಒಂದಿಷ್ಟು ಹಣ ಬಂದು ಕೂರುತ್ತದೆ. ಬಹುಕಾಲ ಕನ್ನಡ ಪಾಠ ಹೇಳಿದ ನಾನು ವಕೀಲನಲ್ಲ. ಆದರೆ ಈ ಹಣವನ್ನು ನ್ಯಾಯಾಲಯಗಳು ಹೇಗೆ ನಿರ್ಣಯಿಸುತ್ತವೆಂದು ತೀರ್ಪುಗಳಲ್ಲಿ ಓದುತ್ತ ಹೋದಂತೆ, ಇದು ಬರಿಯ ಲೆಕ್ಕವಲ್ಲ, ಒಬ್ಬ ಮನುಷ್ಯನ ಬಾಳನ್ನು ಅರಿಯುವ ಪ್ರಯತ್ನವೆಂದು ನನಗೆ ತೋರಿತು.

ರಸ್ತೆ ಅಪಘಾತದಲ್ಲಿ ಗಾಯಗೊಂಡವರು 1988ರ ಮೋಟಾರು ವಾಹನ ಕಾಯಿದೆಯಂತೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಪಘಾತವಾದದ್ದು ದೂರದ ಊರಿನಲ್ಲಾದರೂ, ತಾವು ವಾಸವಾಗಿರುವ ಕಡೆಯ ಮಂಡಳಿಯಲ್ಲೇ ಸಲ್ಲಿಸಲು ಅವಕಾಶವುಂಟು. 2022ರ ಏಪ್ರಿಲಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಅವಧಿಯನ್ನು ಹೇಳುವುದರಿಂದ ವಿಳಂಬ ಸಲ್ಲದು.

ಆಸ್ಪತ್ರೆಯ ಖರ್ಚನ್ನು ರಸೀದಿಗಳು ಹೇಳುತ್ತವೆ. ನೋವಿಗೆ, ಕಳೆದುಹೋದ ಸುಖಕ್ಕೆ ಒಂದು ಅಂದಾಜು ಕಟ್ಟುತ್ತಾರೆ. ಕಠಿನವಾದುದು ಮುಂದಿನ ಗಳಿಕೆಯ ನಷ್ಟ. ವೈದ್ಯರು ಅಂಗವೈಕಲ್ಯ ಶೇಕಡಾ ಇಷ್ಟೆಂದು ಬರೆದುಕೊಡುತ್ತಾರೆ. ಜನ ಅದನ್ನೇ ಕೊನೆಯ ಮಾತೆಂದು ನಂಬುತ್ತಾರೆ. ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಇದು ಸರಿಯಲ್ಲವೆಂದು ವಿವರಿಸಿತು. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು; ಬಡಗಿಗೆ ಅದೇ ಕೈ ಹೋದರೆ ಅನ್ನವೇ ಹೋದಂತೆ.

ಊಹೆಗಾಗಿ, ಇಳಕಲ್ಲಿನ 38 ವಯಸ್ಸಿನ ನೇಕಾರರೊಬ್ಬರ ಬೆರಳುಗಳು ಜಜ್ಜಿಹೋದವೆನ್ನಿ. ತಿಂಗಳ ಗಳಿಕೆ 15,000 ರೂಪಾಯಿ, ವರ್ಷಕ್ಕೆ 1,80,000. 2009ರ ಮತ್ತೊಂದು ತೀರ್ಪಿನ ಕೋಷ್ಟಕದಂತೆ ಆ ವಯಸ್ಸಿಗೆ 15ರಿಂದ ಗುಣಿಸಬೇಕು. ಇತರ ಬಾಬುಗಳನ್ನು ಬದಿಗಿಟ್ಟರೆ, ವೈದ್ಯರು ಬರೆದ ಶೇಕಡಾ 20ರಂತೆ ದೊರೆಯುವುದು 5,40,000. ಮಗ್ಗದ ಕೆಲಸ ಇನ್ನು ಬಹುಪಾಲು ಆಗದೆಂದು ಮನಗಂಡು ಮಂಡಳಿ ಗಳಿಕೆಯ ನಷ್ಟವನ್ನು ಶೇಕಡಾ 60 ಎಂದು ಹಿಡಿದರೆ 16,20,000. ಗಾಯ ಒಂದೇ, ಕೈಯೂ ಒಂದೇ. ಆ ಬೆರಳುಗಳು ಏನು ಮಾಡುತ್ತಿದ್ದವೆಂದು ಯಾರಾದರೂ ಹೇಳಿದರೋ ಇಲ್ಲವೋ ಎಂಬುದರಲ್ಲಿದೆ ವ್ಯತ್ಯಾಸ.

ಹೀಗೆ ಹೇಳಲು ಬಾರದೆ ಉಳಿದವರಲ್ಲಿ ನಮ್ಮ ಗೃಹಿಣಿಯರು ಮೊದಲಿಗರು. 'ಏನು ಕೆಲಸ?' ಎಂದರೆ 'ಮನೆಯಲ್ಲೇ ಇದ್ದೇನೆ' ಎನ್ನುವುದು ನಮ್ಮಲ್ಲಿ ರೂಢಿ. ದಂಪತಿಗಳಿಬ್ಬರೂ ಮಡಿದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಆ ಉತ್ತರವನ್ನು ಒಪ್ಪಲಿಲ್ಲ. ವೇತನವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುವರೆಂಬ ಸರ್ಕಾರಿ ಸಮೀಕ್ಷೆಯನ್ನು ಉಲ್ಲೇಖಿಸಿ, ಆ ದುಡಿಮೆಗೂ ಆದಾಯವನ್ನು ಕಲ್ಪಿಸಬೇಕೆಂದಿತು. ಅಡುಗೆ, ನೀರು, ಮಕ್ಕಳ ಪಾಲನೆ, ವೃದ್ಧರ ಶುಶ್ರೂಷೆ, ಇವನ್ನೆಲ್ಲ ಸಾಕ್ಷಿ ನುಡಿಯುವಾಗ ಒಂದೊಂದಾಗಿ ಹೇಳಬೇಕಾದುದು ಇದರಿಂದಲೇ.

ಆದಕಾರಣ ಕೇಳುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಪ್ರಥಮ ವರ್ತಮಾನ ವರದಿ, ಗಾಯದ ಪ್ರಮಾಣಪತ್ರ, ಔಷಧಿಯ ಒಂದೊಂದು ಚೀಟಿ, ಕೂಲಿಯ ಲೆಕ್ಕದ ಪುಸ್ತಕ, ಇವನ್ನು ಜೋಪಾನವಾಗಿಡಿ. ಹಾಸಿಗೆಯಲ್ಲಿ ಮಲಗಿರುವಾಗಲೇ ಯಾರಾದರೂ ರಾಜಿಪತ್ರ ತಂದರೆ, ಗಾಯ ಎಷ್ಟರಮಟ್ಟಿಗೆ ಮಾಗುವುದೆಂದು ತಿಳಿಯುವವರೆಗೆ ಸಹಿ ಹಾಕಬೇಡಿ. ವಕೀಲರ ವೆಚ್ಚ ಭರಿಸಲಾರದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು. ನೆರೆಯಲ್ಲಿ ಗಾಯಗೊಂಡವರು ಯಾರಾದರೂ ಇದ್ದರೆ, ಓದುಬರಹ ಬಲ್ಲ ನೀವು ಒಂದು ಸಂಜೆ ಅವರ ಬಳಿ ಕುಳಿತು, ಅಪಘಾತದ ಮುನ್ನಾದಿನ ಬೆಳಗಿನಿಂದ ರಾತ್ರಿಯವರೆಗೆ ಅವರು ಏನೇನು ಮಾಡಿದ್ದರೆಂದು ಕೇಳಿ ಬರೆದಿಡಿ. ಅರ್ಜಿಯ ಜೊತೆಗೆ ಆ ಹಾಳೆಯೂ ವಕೀಲರ ಕೈ ಸೇರಲಿ.