ಮೊದಲು ರಕ್ತ, ಆಮೇಲೆ ಮಾತ್ರೆ



ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ಇವತ್ತು ನನ್ನದೇ ಒಂದು ತಪ್ಪನ್ನು ಪಾಠವಾಗಿ ಹೇಳುತ್ತೇನೆ.

ನನ್ನ ತಮ್ಮನಿಗೆ ಅವನ ಹೆಂಡತಿ ಒಂದು ಕಿಡ್ನಿ ಕೊಟ್ಟಿದ್ದಾಳೆ. ಅದನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ಅವನು ಹನ್ನೆರಡು ಗಂಟೆಗೊಮ್ಮೆ ಟ್ಯಾಕ್ರೊಲಿಮಸ್ ನುಂಗಬೇಕು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧಿ ಇದು. ರಕ್ತದಲ್ಲಿ ಇದರ ಮಟ್ಟ ತಗ್ಗಿದರೆ ಕಸಿ ಮಾಡಿದ ಕಿಡ್ನಿ ಕೈಬಿಟ್ಟೀತು. ಮಿತಿ ಮೀರಿದರೆ ಕೈ ನಡುಗಬಹುದು, ಸಕ್ಕರೆ ಏರಬಹುದು, ಅದೇ ಕಿಡ್ನಿಗೂ ಪೆಟ್ಟು ಬೀಳಬಹುದು. ಒಂದೇ ಪ್ರಮಾಣ ನುಂಗಿದ ಇಬ್ಬರ ರಕ್ತದಲ್ಲಿ ಒಂದೇ ಮಟ್ಟ ಇರುವುದಿಲ್ಲ. ಅದಕ್ಕೇ ಡಾಕ್ಟರು ರಕ್ತದಲ್ಲಿ ಅಳೆದು ಮಾತ್ರೆ ಹೊಂದಿಸುತ್ತಾರೆ. ಅಳೆಯುವುದು ಮಟ್ಟ ತೀರಾ ಕೆಳಗಿರುವ ಹೊತ್ತಿನಲ್ಲಿ, ಅಂದರೆ ಬೆಳಗಿನ ಮಾತ್ರೆಗೆ ಮುಂಚೆ.

ಆ ದಿನ ಬಸ್ಸಿಗೆ ಹೊರಡುವಾಗ, ಹೊತ್ತು ಮೀರುತ್ತದೆಂದು ನಾನೇ ಅವನಿಗೆ ಮಾತ್ರೆ ನುಂಗಿಸಿದೆ. ವರದಿಯಲ್ಲಿ ಮಿಲಿಲೀಟರಿಗೆ 16 ನ್ಯಾನೊಗ್ರಾಂ ಬಂತು. ಅವನಿಗೆ ಹೇಳಿದ್ದು 8ರ ಆಸುಪಾಸು. ಪ್ರಮಾಣ ಇಳಿಸುವ ಮುಂಚೆ ಡಾಕ್ಟರು ಕೇಳಿದರು: “ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ?” ನಾನು ತಲೆ ತಗ್ಗಿಸಿದೆ. ಎರಡು ದಿನ ಬಿಟ್ಟು ಸರಿಯಾಗಿ ರಕ್ತ ಕೊಟ್ಟಾಗ ಬಂದದ್ದು 7.6. ಆ ಪ್ರಶ್ನೆ ಕೇಳದೆ ಇಳಿಸಿದ್ದರೆ, ನನ್ನ ಅವಸರಕ್ಕೆ ನಾದಿನಿ ಕೊಟ್ಟ ಕಿಡ್ನಿ ದಂಡ ತೆರಬೇಕಿತ್ತು.

ಬೇರೆ ಔಷಧಿಗಳೂ ಮಟ್ಟ ಬದಲಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ, ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ ಏರಿಸುತ್ತದೆ. ಭೇದಿಯಾದಾಗಲೂ ಏರಬಹುದು. ಆದ್ದರಿಂದ ಅಂಗಡಿಯಿಂದ ಮಾತ್ರೆ ತಂದು ನುಂಗುವ ಮುಂಚೆ ಕಸಿ ಮಾಡಿದ ಆಸ್ಪತ್ರೆಯನ್ನು ಕೇಳಿ. ರಂಜಾನಿನಲ್ಲಿ ಸಹ್ರಿ, ಇಫ್ತಾರಿನ ಹೊತ್ತಿಗೆ ಮಾತ್ರೆಯ ಸಮಯವನ್ನು ನೀವೇ ಬದಲಿಸಬೇಡಿ. ರೋಗಿಗೆ ರೋಜಾದಿಂದ ವಿನಾಯಿತಿ ಇದೆ.

ದಾನಿಗಳಲ್ಲಿ ನನ್ನ ವಿನಂತಿ ಒಂದೇ. ಬಡ ರೋಗಿಯ ಮಾತ್ರೆಗೆ ನೆರವಾಗುವವರು ಈ ರಕ್ತಪರೀಕ್ಷೆಯ ಖರ್ಚನ್ನೂ ಅದರೊಳಗೇ ಸೇರಿಸಿ. ಹಣವಿಲ್ಲದೆ ಪರೀಕ್ಷೆ ತಪ್ಪಿದರೆ ಮಾತ್ರೆ ಹೆಚ್ಚಾಯಿತೋ ಕಡಿಮೆಯಾಯಿತೋ ಯಾರಿಗೂ ತಿಳಿಯದು.

ಮಕ್ಕಳೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಿಂದಿನ ರಾತ್ರಿ ಮಾತ್ರೆ ನುಂಗಿದ ಗಂಟೆ ಬರೆದುಕೊಡಿ. ಬೆಳಗಿನ ಮಾತ್ರೆ ಅವರ ಜೇಬಿನಲ್ಲಿರಲಿ. ರಕ್ತ ಕೊಟ್ಟ ಕೂಡಲೇ ನುಂಗಲಿ. ಮನೆಯಲ್ಲಿ ಓದು ಬಲ್ಲವರು ನೀವೇ ಆಗಿದ್ದರೆ, ಈ ಕೆಲಸವೂ ನಿಮ್ಮದೇ.